ಚಾಕು ಎಷ್ಟು ಗಟ್ಟಿ? ಮುರಿಯದೆಯೇ ತಿಳಿಯುವ ಬಗೆ

ಒಬ್ಬ ಚಾಕುವನ್ನು ಮರದ ಕಾಂಡಕ್ಕೆ ಚುಚ್ಚಿ ಅದರ ಹಿಡಿಯ ಮೇಲೆ ಹತ್ತಿ ನಿಲ್ಲುತ್ತಾನೆ. ಇನ್ನೊಬ್ಬ ಕಾಂಕ್ರೀಟ್ ಇಟ್ಟಿಗೆಗೆ ಹೊಡೆಯುತ್ತಾನೆ. ಮತ್ತೊಬ್ಬ ಕಬ್ಬಿಣದ ಮೊಳೆ ಕಡಿಯುತ್ತಾನೆ. ಇಂಥ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ನೋಡೋಕೆ ಮಜವಾಗಿರುತ್ತೆ, ಸುಳ್ಳೇಕೆ ಹೇಳಲಿ! ಆದರೆ ನಾವು ದುಡ್ಡು ಕೊಟ್ಟು ತರುವ ಚಾಕುವಿನ ಬಗ್ಗೆ ಅದರಿಂದ ತಿಳಿಯುವುದು ತೀರಾ ಕಡಿಮೆ. ಅಲ್ಲಿ ಮುರಿದದ್ದು ಅವರ ಚಾಕು. ನಮ್ಮ ಕೈಗೆ ಬರುವುದು ಬೇರೆಯದು, ನಾವು ಮಾಡುವ ಕೆಲಸವೂ ಬೇರೆ.

ನಾನು ಸಾಫ್ಟ್‌ವೇರ್ ಇಂಜಿನಿಯರ್. ಊರು ಶ್ರೀನಿವಾಸಪುರದ ಕಡೆ, ಮನೆಗೆ ಮಾವಿನ ತೋಟವಿದೆ. ವಾರದ ಐದು ದಿನ ಬೆಂಗಳೂರಿನಲ್ಲಿ ಕೀಬೋರ್ಡು, ಉಳಿದೆರಡು ದಿನ ತೋಟ ಇಲ್ಲವೇ ಬೆಟ್ಟ. ಹಾಗಾಗಿ ಆನ್‌ಲೈನಿನಲ್ಲಿ ಬರುವ ಕ್ಯಾಂಪಿಂಗ್ ಚಾಕುವೂ ಗೊತ್ತು, ನಮ್ಮ ಕಡೆಯ ಕುಲುಮೆಯಲ್ಲಿ ಬಡಿದ ಮಚ್ಚೂ ಗೊತ್ತು. ಮಡಚಲು ಬಾರದ, ಅಲಗು ಹಿಡಿಯಲ್ಲಿ ಭದ್ರವಾಗಿ ಕೂತ ಚಾಕುವಿಗೆ ‘ಫಿಕ್ಸೆಡ್ ಬ್ಲೇಡ್’ ಅಂತಾರೆ. ಹಾಗೆ ನೋಡಿದರೆ ನಮ್ಮ ಮಚ್ಚೂ ಫಿಕ್ಸೆಡ್ ಬ್ಲೇಡೇ.

ಗಡಸು ಬೇರೆ, ತಾಳಿಕೆ ಬೇರೆ

ಗಟ್ಟಿ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಗುಣಗಳನ್ನು ಸೇರಿಸಿಬಿಡುತ್ತೇವೆ. ಒಂದು ಗಡಸುತನ, ಅಂದರೆ ಗೀರಿದರೆ, ಒತ್ತಿದರೆ ತಗ್ಗು ಬೀಳದ ಗುಣ. ಇನ್ನೊಂದು ತಾಳಿಕೆ, ಅಂದರೆ ಏಟು ಬಿದ್ದಾಗ ಒಡೆಯದೆ ನುಂಗಿಕೊಳ್ಳುವ ಗುಣ. ಗಾಜು ಬಲು ಗಡಸು, ಆದರೆ ಕೈಜಾರಿ ಬಿದ್ದರೆ ಚೂರು. ತಾಮ್ರದ ತಂತಿ ಮೆದು, ಆದರೆ ಎಷ್ಟು ಬಡಿದರೂ ಒಡೆಯದು. ಉಕ್ಕಿನಲ್ಲಿ ಇವೆರಡೂ ತಕ್ಕಡಿಯ ಎರಡು ತಟ್ಟೆಗಳಿದ್ದಂತೆ. ಒಂದೇ ಉಕ್ಕಿನಲ್ಲಿ ಗಡಸುತನ ಏರಿಸಿದರೆ ಸಾಮಾನ್ಯವಾಗಿ ತಾಳಿಕೆ ಇಳಿಯುತ್ತದೆ.

ಚಾಕುವಿನ ಡಬ್ಬಿಯ ಮೇಲೆ 58, 60 ಅಂತ ಬರೆದಿರುವುದು ರಾಕ್‌ವೆಲ್ ಗಡಸುತನ. ವಜ್ರದ ಸಣ್ಣ ಮೊನೆಯನ್ನು 150 ಕಿಲೋ ಭಾರದಿಂದ ಉಕ್ಕಿಗೆ ಒತ್ತಿ, ಎಷ್ಟು ಆಳಕ್ಕೆ ಇಳಿಯಿತು ಎಂದು ಅಳೆಯುವ ಲೆಕ್ಕ ಅದು. ತಾಳಿಕೆಯನ್ನು ಅಳೆಯುವ ಬಗೆ ಬೇರೆ. ಲ್ಯಾಬಿನಲ್ಲಿ 10 ಮಿಲಿಮೀಟರ್ ಚೌಕದ, 55 ಮಿಲಿಮೀಟರ್ ಉದ್ದದ ಉಕ್ಕಿನ ತುಂಡಿಗೆ ಒಂದು ಕಚ್ಚು ಹಾಕಿ, ತೂಗುವ ಭಾರೀ ಸುತ್ತಿಗೆಯಿಂದ ಹೊಡೆದು ಮುರಿಯುತ್ತಾರೆ. ಮುರಿಯಲು ಎಷ್ಟು ಶಕ್ತಿ ಬೇಕಾಯಿತು ಎಂಬುದೇ ಉತ್ತರ. ಇದಕ್ಕೆ ಶಾರ್ಪಿ ಪರೀಕ್ಷೆ ಅಂತ ಹೆಸರು. ಡಬ್ಬಿಯ ಮೇಲೆ ಈ ಎರಡನೇ ಅಂಕಿ ಸಾಮಾನ್ಯವಾಗಿ ಇರುವುದೇ ಇಲ್ಲ.

ಇದು ಬರೀ ಪುಸ್ತಕದ ಮಾತಲ್ಲ. ನಮ್ಮ ಆಫೀಸಿನ ಗೆಳೆಯನೊಬ್ಬ ಕೋಲಾರದ ಹತ್ತಿರ ತೋಟವೊಂದರಲ್ಲಿ ಟೆಂಟ್ ಹಾಕಿದ್ದಾಗ, ಆನ್‌ಲೈನಿನಲ್ಲಿ ತರಿಸಿದ ಚಾಕುವನ್ನು ಸೌದೆಯ ಮೇಲಿಟ್ಟು ಇನ್ನೊಂದು ಕೊರಡಿನಿಂದ ಬಡಿದು ಸೀಳುತ್ತಿದ್ದ. ಗಂಟು ಸಿಕ್ಕಿತು. ಅಲಗಿನ ಅಂಚಿನಿಂದ ಅಕ್ಕಿಕಾಳಿನಷ್ಟು ಚೂರು ಸಿಡಿದು ಕಣ್ಣಿನ ಕೆಳಗೆ ಗೀರಿತು. ಒಂದು ಬೆರಳು ಮೇಲೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ಡಬ್ಬಿಯ ಮೇಲೆ ಗಡಸುತನದ ಅಂಕಿ ದೊಡ್ಡದಾಗಿಯೇ ಇತ್ತು.

ಒಂದೇ ಉಳಿ, ಎರಡು ಹದ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಕಲ್ಲಿನ ವಿಗ್ರಹಗಳಿಗೆ ಹೆಸರಾದ ಊರು. ಕಲ್ಲು ಕೆತ್ತುವ ಉಳಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಕಲ್ಲಿಗೆ ತಾಗುವ ಮೊನೆಗೆ ಮಾತ್ರ ಬಿರುಸಾದ ಹದ. ಸುತ್ತಿಗೆಯ ಏಟು ತಿನ್ನುವ ತಲೆ ಮೆದು. ಅದಕ್ಕೇ ಹಳೆಯ ಉಳಿಯ ತಲೆ ಅಣಬೆಯ ಹಾಗೆ ಅರಳಿಕೊಂಡಿರುತ್ತೆ. ತಲೆಯೂ ಮೊನೆಯಷ್ಟೇ ಗಡಸಾಗಿದ್ದರೆ ಪ್ರತಿ ಏಟಿಗೂ ಚೂರು ಹಾರೀತು.

ಒಳ್ಳೆಯ ಮಚ್ಚಿನದೂ ಇದೇ ಲೆಕ್ಕ. ಅಂಚು ಗಡಸಾಗಿರಬೇಕು, ಬೆನ್ನು ಏಟನ್ನು ನುಂಗುವಂತಿರಬೇಕು. ಇದನ್ನು ತರುವುದು ಬೆಂಕಿ. ಉಕ್ಕನ್ನು ಕೆಂಪಗೆ ಕಾಯಿಸುತ್ತಾ ಹೋದರೆ ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಯಸ್ಕಾಂತ ಅದಕ್ಕೆ ಅಂಟುವುದು ನಿಲ್ಲುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಉಕ್ಕು ಗಾಜಿನ ಹಾಗೆ ಗಡಸಾಗುತ್ತದೆ. ಅಲ್ಲಿಗೇ ಬಿಟ್ಟರೆ ಕೆಳಗೆ ಬಿದ್ದರೂ ಸೀಳಬಹುದು. ಆದ್ದರಿಂದ ಉಜ್ಜಿ ಹೊಳಪು ಮಾಡಿ ಮತ್ತೆ ನಿಧಾನವಾಗಿ ಕಾಯಿಸುತ್ತಾರೆ. ಉಕ್ಕಿನ ಮೇಲೆ ಬಣ್ಣ ಓಡುತ್ತದೆ. ಸುಮಾರು 220 ಡಿಗ್ರಿಯಲ್ಲಿ ಒಣಹುಲ್ಲಿನ ಹಳದಿ, ಆಮೇಲೆ ಕಂದು, 280ರ ಹೊತ್ತಿಗೆ ನೇರಳೆ, 300ಕ್ಕೆ ನೀಲಿ. ಸಣ್ಣ ಚಾಕುವಿಗೆ ಹಳದಿಯಲ್ಲಿ ನಿಲ್ಲಿಸಿದರೆ ಸಾಕು. ಏಟು ಹೊಡೆಯುವ ಕೊಡಲಿ, ಮಚ್ಚುಗಳಿಗೆ ನೇರಳೆಯವರೆಗೂ ಬಿಡಬೇಕು.

ಹದದ ಈ ಗುಟ್ಟು ನಮ್ಮ ನಾಡಿಗೆ ಹೊಸದಲ್ಲ. ಯುರೋಪಿನವರು ‘ವೂಟ್ಜ್’ ಎಂದು ಕರೆದ ಹೆಸರಾಂತ ಉಕ್ಕಿಗೆ ಆ ಹೆಸರು ಬಂದದ್ದು ಕನ್ನಡದ ‘ಉಕ್ಕು’ ಪದದಿಂದ ಎಂಬುದು ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಅದನ್ನು ತಯಾರಿಸಿದ ಕುರುಹುಗಳು ಸಿಕ್ಕಿವೆ. 1819ರಲ್ಲಿ ಮೈಕೆಲ್ ಫ್ಯಾರಡೆ ಅದನ್ನು ಪರೀಕ್ಷೆ ಮಾಡಿ ಬರೆದಿದ್ದಾನೆ. ಅಲ್ಲಿನ ಕಮ್ಮಾರರು ತಮ್ಮ ವಾಡಿಕೆಯಂತೆ ಹೆಚ್ಚು ಕಾಯಿಸಿ ಬಡಿದಾಗ ಆ ಉಕ್ಕು ಪುಡಿಯಾಗುತ್ತಿತ್ತಂತೆ. ಉಕ್ಕು ಅದೇ, ಕೆಟ್ಟದ್ದು ಹದ.

ಲಾರಿಯಿಂದ ಮಚ್ಚಿಗೆ

ಮುಳಬಾಗಿಲಿನ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹಗಲೂ ರಾತ್ರಿ ಲಾರಿಗಳು. ಅವುಗಳ ಅಡಿಯಲ್ಲಿ ಒಂದರ ಮೇಲೊಂದು ಜೋಡಿಸಿರುವ ಬಾಗಿದ ಸ್ಪ್ರಿಂಗ್ ಪಟ್ಟಿಗಳನ್ನು ನೋಡಿರುತ್ತೀರಿ. ಹಳೆಯದಾದ ಆ ಪಟ್ಟಿಯೇ ಕುಲುಮೆಯ ಮಚ್ಚಿಗೆ ಅಚ್ಚುಮೆಚ್ಚಿನ ಕಚ್ಚಾ ಮಾಲು. ಅದರಲ್ಲಿ ಇಂಗಾಲ ಹೆಚ್ಚುಕಡಿಮೆ ಶೇ 0.5ರಿಂದ 0.6ರಷ್ಟು, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ. ಲಕ್ಷಾಂತರ ಸಲ ಬಾಗಿ ಮತ್ತೆ ನೆಟ್ಟಗಾಗಲೆಂದೇ ತಯಾರಾದ ಉಕ್ಕು. ತಾಳಿಕೆ ಅದರ ಹುಟ್ಟುಗುಣ.

ಒಂದು ಎಚ್ಚರ ಬೇಕು. ವರ್ಷಗಟ್ಟಲೆ ದುಡಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕು ಇರಬಹುದು. ಅದು ಮಚ್ಚಿನೊಳಕ್ಕೂ ಬರುತ್ತದೆ. ಹಾಗಾಗಿ ಪರೀಕ್ಷೆ ಇಲ್ಲಿಂದಲೇ ಶುರು.

ಮನೆಯಲ್ಲೇ ಮಾಡುವ ಪರೀಕ್ಷೆಗಳು

ಮೊದಲು ಕಣ್ಣಿಗೆ ಕನ್ನಡಕ, ಕಾಲಿಗೆ ಶೂ ಹಾಕಿಕೊಳ್ಳಿ. ಮಕ್ಕಳನ್ನು ದೂರ ಕಳಿಸಿ. ಹಗುರದಿಂದ ಭಾರಕ್ಕೆ ಹೋಗಿ, ಪ್ರತಿ ಹಂತದ ನಂತರವೂ ಅಲಗನ್ನು ನೋಡಿ. ನಾವು ಸಾಫ್ಟ್‌ವೇರಿನಲ್ಲಿ ಲೋಡ್ ಟೆಸ್ಟ್ ಮಾಡುವುದೂ ಹೀಗೇ.

*ಬಿರುಕು:* ಅಲಗಿಗೆ ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಡಿ. ಚೆನ್ನಾಗಿ ಒರೆಸಿ, ಸುಣ್ಣದ ಕಡ್ಡಿಯ ಪುಡಿ ಉದುರಿಸಿ. ಬಿರುಕಿದ್ದರೆ ಒಳಗೆ ಉಳಿದ ಎಣ್ಣೆ ಜಿನುಗಿ ಪುಡಿಯ ಮೇಲೆ ಗೆರೆ ಮೂಡುತ್ತದೆ. ರೈಲ್ವೆ ವರ್ಕ್‌ಶಾಪುಗಳಲ್ಲಿ ಬಿಡಿಭಾಗಗಳ ಬಿರುಕು ಹುಡುಕಲು ಹಿಂದೆ ಬಳಸುತ್ತಿದ್ದ ಉಪಾಯವೇ ಇದು. ಗೆರೆ ಕಂಡರೆ ಮುಂದಿನ ಪರೀಕ್ಷೆ ಬೇಡ, ಆ ಮಚ್ಚನ್ನು ಗುಜರಿಗೆ ಹಾಕಿ.

*ಅರ:* ಹೊಸ ಅರವನ್ನು ಅಂಚಿನ ಹತ್ತಿರ ಹಗುರವಾಗಿ ಉಜ್ಜಿ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ತೀರಾ ಗಡಸು. ಕಟ್ಟಡದ ಕಂಬಿಯನ್ನು ಉಜ್ಜಿದಷ್ಟು ಸಲೀಸಾಗಿ ತಿಂದರೆ ತೀರಾ ಮೆದು. ಬಿಗಿಯಾಗಿ, ಸ್ವಲ್ಪಸ್ವಲ್ಪವೇ ಕಚ್ಚಿದರೆ ಸರಿ.

*ಅಂಚು:* ಹಿತ್ತಾಳೆಯ ದುಂಡು ಸರಳಿನ ಮೇಲೆ ಅಂಚನ್ನು ಓರೆಯಾಗಿ ಒರಗಿಸಿ ಮೆಲ್ಲಗೆ ಒತ್ತಿ. ಅಂಚು ಕೂದಲಿನಷ್ಟು ಬಾಗಿ ತಾನೇ ಹಿಂದಕ್ಕೆ ಬರಬೇಕು. ಬಾಗಿಯೇ ಉಳಿದರೆ ಹದ ಸಾಲದು. ಚೂರು ಎದ್ದರೆ ಹದ ಅತಿಯಾಗಿದೆ.

*ಕಡಿತ:* ಒಣಗಿದ ಮಾವಿನ ಕೊಂಬೆ, ಆಮೇಲೆ ಬಿದಿರು, ಕೊನೆಗೆ ಒಣ ಹುಣಸೆ. ಹುಣಸೆ ಮಾಂಸದಂಗಡಿಯ ಕೊರಡಿಗೆ ಬಳಸುವ ಮರ, ಅದರ ಗಂಟು ಯಾವ ಚಾಕುವನ್ನೂ ಸುಮ್ಮನೆ ಬಿಡುವುದಿಲ್ಲ. ಪ್ರತಿ ಸಲವೂ ಅಂಚನ್ನು ಬಿಸಿಲಿಗೆ ಹಿಡಿದು ನೋಡಿ. ಬೆಳಕು ಚುಕ್ಕಿಯಾಗಿ ಮಿಂಚಿದ ಕಡೆ ಅಂಚು ಮಡಿಸಿದೆ ಅಥವಾ ಹಾರಿದೆ ಅಂತ ಅರ್ಥ.

*ಹಿಡಿ:* ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಹೋಗಿದೆಯೇ, ಇಲ್ಲ ಮೊಳೆಯಂತೆ ಅರ್ಧಕ್ಕೇ ನಿಂತಿದೆಯೇ ವಿಚಾರಿಸಿ. ಪ್ರತಿ ಕಡಿತದ ನಂತರ ಅಲ್ಲಾಡಿಸಿ ನೋಡಿ. ಒಡೆದ ಅಲಗಿನಷ್ಟೇ ಅಪಾಯ ಸಡಿಲವಾದ ಹಿಡಿಯಿಂದಲೂ ಉಂಟು.

ಕಳೆದ ಸಲ ಕೊಯ್ಲು ಮುಗಿದ ಮೇಲೆ ಈ ಎಲ್ಲವನ್ನೂ ನಾನು, ನಮ್ಮಪ್ಪ ಸೇರಿ ಮೂರು ಅಲಗುಗಳ ಮೇಲೆ ಮಾಡಿದೆವು. ಆನ್‌ಲೈನಿನ ಸ್ಟೇನ್‌ಲೆಸ್ ಚಾಕು ಹಣ್ಣು, ಹಗ್ಗ, ಪುಳ್ಳೆಗಳಿಗೆ ಎಲ್ಲಕ್ಕಿಂತ ಚೆನ್ನಾಗಿತ್ತು, ಹುಣಸೆ ಗಂಟಿಗೆ ಮಾತ್ರ ಎರಡು ಕಡೆ ಹಲ್ಲು ಬಿತ್ತು. ಸಂತೆಯ ಅಗ್ಗದ ಮಚ್ಚಿನ ಅಂಚು ಬಿದಿರಿಗೇ ಮಡಿಸಿಕೊಂಡಿತು. ಕುಲುಮೆಯ ಮಚ್ಚಿಗೆ ಹುಣಸೆಯಲ್ಲಿ ಸಣ್ಣ ತಗ್ಗು ಬಿತ್ತು, ಸಾಣೆ ಕಲ್ಲಿನಲ್ಲಿ ಐದು ನಿಮಿಷಕ್ಕೆ ಸರಿಹೋಯಿತು. ಒಂದೊಂದೇ ಅಲಗು ನೋಡಿ ಎಲ್ಲದರ ಮೇಲೂ ತೀರ್ಪು ಕೊಡಲಾಗದು. ಆದರೂ ಅಪ್ಪ ಹೇಳಿದ ಮಾತು ನನಗೆ ಹಿಡಿಸಿತು: “ಬಗ್ಗಿದ್ದನ್ನ ತಟ್ಟಿ ಸರಿ ಮಾಡ್ಬೋದು ಕಣೋ, ಹಾರಿ ಹೋಗಿದ್ದನ್ನ ಎಲ್ಲಿ ಅಂತ ಹುಡುಕ್ತೀಯ?”

ಅವರ ಕಾಳಜಿಗೆ ಕಾರಣವಿದೆ. ಕೊಯ್ಲಾದ ಮೇಲೆ ಕೊಂಬೆ ಸವರಲು ಮರ ಹತ್ತುವವನ ಕೈಯಲ್ಲಿ ಮಚ್ಚು. ಕೆಳಗೆ ಕಡಿದ ರೆಂಬೆ ಆಯುವ ಹೆಂಗಸರು. ಅಲಗು ಮುರಿದರೆ, ಹಿಡಿಯಿಂದ ಕಳಚಿದರೆ ಬೀಳುವುದು ಅವರ ತಲೆಯ ಮೇಲೆ. ಕೂಲಿಗೆ ಬಂದವರ ಕೈಗೆ ಕೊಡುವ ಮಚ್ಚನ್ನು ಮೊದಲು ನಾವು ಪರೀಕ್ಷೆ ಮಾಡಿರಬೇಕು ಎಂಬುದು ಈಗ ನಮ್ಮ ಮನೆಯ ಕಟ್ಟಳೆ. ಕೆಲಸ ಮುಗಿದ ಮೇಲೆ ಮಾವಿನ ಸೊನೆ ಒರೆಸಿ ಎಣ್ಣೆ ಸವರುವುದನ್ನೂ ಮರೆಯಬಾರದು. ಸೊನೆ ಹುಳಿ, ಉಕ್ಕನ್ನು ಕಪ್ಪಾಗಿಸಿ ತಿನ್ನುತ್ತದೆ.

ಯಾವ ಕೆಲಸಕ್ಕೆ ಯಾವುದು?

ಅಂತರಗಂಗೆ ಬೆಟ್ಟಕ್ಕೆ ಹೋಗುವವರಿಗೆ ಮಚ್ಚಿನ ತಾಳಿಕೆ ಬೇಕಿಲ್ಲ. ಅಲ್ಲಿ ಗಿಡ ಕಡಿಯುವ ಹಕ್ಕು ನಮಗಿಲ್ಲ, ಕಡಿಯಲೂಬಾರದು. ಹಗ್ಗ, ಹಣ್ಣು, ಬ್ಯಾಂಡೇಜಿಗೆ ನಾಲ್ಕಿಂಚಿನ ಸ್ಟೇನ್‌ಲೆಸ್ ಅಲಗು ಸಾಕು. ಕಾನೂನೂ ನೆನಪಿರಲಿ. ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗಿನ ಚಾಕುಗಳು ಆಯುಧದ ಪಟ್ಟಿಗೆ ಸೇರುತ್ತವೆ. ಮನೆಬಳಕೆ, ಬೇಸಾಯದಂಥ ಕೆಲಸಕ್ಕೆಂದೇ ಮಾಡಿದವಕ್ಕೆ ವಿನಾಯಿತಿ ಇದೆ. ತೋಟದ ಮಚ್ಚು ತೋಟದಲ್ಲಿದ್ದರೆ ಚೆನ್ನ, ಬೈಕಿನ ಸೀಟಿನ ಕೆಳಗೆ ಬೇಡ.

ಆನ್‌ಲೈನಿನಲ್ಲಿ ಕೊಳ್ಳುವಾಗ ನಮ್ಮನ್ನು ಕೇಳುವುದು ವಿಳಾಸ, ಪಿನ್ ಕೋಡ್ ಮತ್ತು ದುಡ್ಡು. ಕುಲುಮೆಯ ಆಚಾರಿ ಮೊದಲು ಕೇಳುವ ಪ್ರಶ್ನೆ, “ಯಾವ ಮರಕ್ಕಪ್ಪಾ?” ಅಂತ. ಸೌದೆಗೋ, ಎಳನೀರಿಗೋ, ಮಾವಿನ ರೆಂಬೆಗೋ? ಕೆಲಸ ಗೊತ್ತಾದರೆ ಎಷ್ಟು ದಪ್ಪ, ಎಷ್ಟು ತೂಕ, ಯಾವ ಬಣ್ಣಕ್ಕೆ ಹದ ನಿಲ್ಲಿಸಬೇಕು ಎಲ್ಲ ತಾನಾಗಿ ಗೊತ್ತಾಗುತ್ತೆ. ಚಾಕು ಎಲ್ಲಿಂದಲೇ ತನ್ನಿ, ಆ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಂಡು ತನ್ನಿ. ತಂದ ದಿನವೇ ಒಂದು ಬಟ್ಟಲು ಸೀಮೆಎಣ್ಣೆ, ಒಂದು ಸುಣ್ಣದ ಕಡ್ಡಿ ಹಿಡಿದು ಕೂತುಕೊಳ್ಳಿ. ಅರ್ಧ ಗಂಟೆಯ ಕೆಲಸ, ಅಷ್ಟೆ.