ಬದನೆಕಾಯಿ ಯಾಕೆ ಕಪ್ಪಾಗುತ್ತೆ?

ಬದನೆಕಾಯಿ ಹೆಚ್ಚಿ ಹಾಗೇ ಇಟ್ಟರೆ ಏನಾಗುತ್ತೆ? ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತೆ. ಅದಕ್ಕೇ ನಾವು ಹೆಚ್ಚಿದ ಕೂಡಲೇ ನೀರಿಗೆ ಹಾಕುತ್ತೇವೆ. ಮಳೆಗಾಲದಲ್ಲಿ ಕುಡುಗೋಲು ಹೊರಗೆ ಬಿಟ್ಟರೆ ತುಕ್ಕು ಹಿಡಿಯುತ್ತೆ. ಕಡಲೆಕಾಯಿ ಎಣ್ಣೆ ಹಳೆಯದಾದರೆ ಕಮಟು ವಾಸನೆ ಬರುತ್ತೆ. ಈ ಮೂರರಲ್ಲೂ ಕೆಲಸ ಮಾಡೋದು ಗಾಳಿಯಲ್ಲಿರುವ ಆಮ್ಲಜನಕ.

ಆಮ್ಲಜನಕ ಇಲ್ಲದೆ ನಾವು ಬದುಕೋದಿಲ್ಲ. ಉಂಡ ಅನ್ನ, ಮುದ್ದೆ ಮೈಗೆ ಶಕ್ತಿ ಕೊಡಬೇಕಾದರೆ ಆಮ್ಲಜನಕ ಬೇಕು. ಒಲೆಯಲ್ಲಿ ಸೌದೆ ಉರಿದ ಹಾಗೆ ಈ ಕೆಲಸ ನಡೆಯುತ್ತೆ. ಸೌದೆ ಉರಿಯುವಾಗ ಕಿಡಿ ಸಿಡಿಯುತ್ತೆ, ಅಲ್ಲವೇ? ಕಿಡಿ ಸೀರೆಗೆ ಬಿದ್ದರೆ ತೂತಾಗುತ್ತೆ. ಮೈಯೊಳಗೂ ಕಣ್ಣಿಗೆ ಕಾಣದ ಕಿಡಿಗಳಂಥವು ಹುಟ್ಟುತ್ತವೆ. ಇವನ್ನು ಫ್ರೀ ರ‍್ಯಾಡಿಕಲ್ ಎನ್ನುತ್ತಾರೆ. ಸ್ವಲ್ಪ ಇದ್ದರೆ ತೊಂದರೆ ಇಲ್ಲ. ರೋಗಾಣು ಕೊಲ್ಲಲು ದೇಹವೇ ಇವನ್ನು ಬಳಸುತ್ತೆ. ಹೆಚ್ಚಾದರೆ ಮಾತ್ರ ಕಷ್ಟ. ಬೀಡಿ ಹೊಗೆ, ಒಲೆ ಹೊಗೆಯಿಂದ ಇವು ಹೆಚ್ಚುತ್ತವೆ.

ಕಿಡಿ ಆರಿಸುವ ಆಹಾರ

ದೇಹಕ್ಕೆ ತನ್ನದೇ ಕಾವಲು ಇದೆ. ಊಟದಿಂದಲೂ ನೆರವು ಸಿಗುತ್ತೆ. ಕಿಡಿ ಆರಿಸುವ ಈ ವಸ್ತುಗಳ ಹೆಸರು ಆಂಟಿ ಆಕ್ಸಿಡೆಂಟ್. ಹೆಸರು ದೊಡ್ಡದು. ಆದರೆ ಅವು ನಮ್ಮ ಹಿತ್ತಲಲ್ಲೇ ಇವೆ, ಸಂತೆಯಲ್ಲೇ ಸಿಗುತ್ತವೆ.

ನೆಲ್ಲಿಕಾಯಿ, ಸೀಬೆಹಣ್ಣು, ನಿಂಬೆಹಣ್ಣು, ನುಗ್ಗೆಸೊಪ್ಪು: ಇವುಗಳಲ್ಲಿ ವಿಟಮಿನ್ ಸಿ ಇದೆ. ನೆಲ್ಲಿಕಾಯಲ್ಲಿ ಇದು ಕಿತ್ತಳೆಗಿಂತ ಎಷ್ಟೋ ಪಾಲು ಹೆಚ್ಚು.

ಸೊಪ್ಪು, ಕ್ಯಾರೆಟ್, ಸಿಹಿಕುಂಬಳ, ಪರಂಗಿಹಣ್ಣು: ಇವುಗಳಲ್ಲಿ ಕ್ಯಾರೋಟಿನ್ ಇದೆ. ಇದರಿಂದ ದೇಹ ವಿಟಮಿನ್ ಎ ಮಾಡಿಕೊಳ್ಳುತ್ತೆ. ಅದು ಕಣ್ಣಿಗೆ ಒಳ್ಳೆಯದು.

ಕಡಲೆಕಾಯಿಯಲ್ಲಿ ವಿಟಮಿನ್ ಇ ಇದೆ. ರಾಗಿಯ ಕೆಂಪು ಸಿಪ್ಪೆಯಲ್ಲೂ ಇಂಥ ವಸ್ತುಗಳಿವೆ. ಅದಕ್ಕೇ ರಾಗಿ ಹಿಟ್ಟನ್ನು ತೀರಾ ನುಣ್ಣಗೆ ಜರಡಿ ಹಿಡಿಯೋದು ಬೇಡ.

ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ, ಹಣ್ಣು ತಿನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ.

ಅಡಿಗೆ ಮಾಡುವಾಗ

ಸೊಪ್ಪನ್ನು ಮೊದಲು ತೊಳೆಯೋಣ, ಆಮೇಲೆ ಹೆಚ್ಚೋಣ. ಹೆಚ್ಚಿ ತೊಳೆದರೆ ವಿಟಮಿನ್ ಸಿ ನೀರಲ್ಲಿ ಹೋಗುತ್ತೆ. ಬೇಯಿಸಿದ ನೀರನ್ನು ಚೆಲ್ಲೋದು ಬೇಡ. ನಮ್ಮ ಹಿರಿಯರು ಆ ನೀರಿನಲ್ಲೇ ಬಸ್ಸಾರು ಮಾಡುತ್ತಿದ್ದರು. ಪಲ್ಯಕ್ಕೆ ಸ್ವಲ್ಪ ಎಣ್ಣೆಯ ಒಗ್ಗರಣೆ ಹಾಕೋಣ. ಎಣ್ಣೆ ಇದ್ದರೆ ಕ್ಯಾರೋಟಿನ್ ಮೈಗೆ ಹತ್ತುತ್ತೆ. ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡೋಣ. ಕುದಿಸಿದರೆ ವಿಟಮಿನ್ ಸಿ ಕಡಿಮೆ ಆಗುತ್ತೆ.

ನಿಂಬೆರಸದಿಂದ ಇನ್ನೊಂದು ಲಾಭ ಇದೆ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಲು ಅದು ಸಹಾಯ ಮಾಡುತ್ತೆ. ಕಬ್ಬಿಣ ಕಡಿಮೆಯಾದರೆ ರಕ್ತಹೀನತೆ ಬರುತ್ತೆ. ಸುಸ್ತು, ತಲೆಸುತ್ತು, ಏದುಸಿರು ಬರುತ್ತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 49 ವರ್ಷದ 100 ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ ಇತ್ತು.

ಮಾತ್ರೆ ನುಂಗಿದರೆ ಸಾಲದೇ?

ಸಾಲದು. ಫಿನ್ಲೆಂಡ್ ಎಂಬ ದೇಶದಲ್ಲಿ ಸಿಗರೇಟು ಸೇದುವಂಥ ಗಂಡಸರಿಗೆ ಕ್ಯಾರೋಟಿನ್ ಮಾತ್ರೆ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಹೊರಬಂತು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗಲಿಲ್ಲ, ಹೆಚ್ಚಾಯಿತು. ಸೊಪ್ಪಿನಲ್ಲಿ ಹತ್ತಾರು ಸತ್ವ ಒಟ್ಟಿಗೆ ಇರುತ್ತವೆ. ಮಾತ್ರೆಯಲ್ಲಿ ಒಂದೇ ಇರುತ್ತೆ, ಅದೂ ಅತಿಯಾಗಿ. ಆದ್ದರಿಂದ ಬಣ್ಣದ ಡಬ್ಬಿಯ ಟಾನಿಕ್ಕಿಗೆ ದುಡ್ಡು ಸುರಿಯೋದು ಬೇಡ. ಆದರೆ ಡಾಕ್ಟರು, ನರ್ಸಮ್ಮ, ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆ ಬೇರೆ. ಅದನ್ನು ಬಿಡಬಾರದು.

ನಮ್ಮ ಪಾಲು

ಸೊಪ್ಪು ತರುವವರು ನಾವು. ಸೋಸುವವರು ನಾವು. ಬೇಯಿಸುವವರೂ ನಾವೇ. ಎಲ್ಲರಿಗೂ ಬಡಿಸಿ ನಾವು ಕೂರುವ ಹೊತ್ತಿಗೆ ಪಲ್ಯದ ಪಾತ್ರೆ ಖಾಲಿ. ಉಳಿದ ಸಾರು, ಮುದ್ದೆಯಲ್ಲಿ ನಮ್ಮ ಊಟ ಮುಗಿಯುತ್ತೆ. ಹೀಗಾದರೆ ಸತ್ವ ನಮಗೆ ಎಲ್ಲಿಂದ ಬರಬೇಕು? ಎಲ್ಲರೂ ಒಟ್ಟಿಗೆ ಕೂತು ಉಣ್ಣೋಣ. ಆಗದಿದ್ದರೆ ನಮ್ಮ ಪಾಲಿನ ಪಲ್ಯವನ್ನು ಮೊದಲೇ ತೆಗೆದಿಡೋಣ. ಇದು ಸ್ವಾರ್ಥ ಅಲ್ಲ. ಮನೆ ನಡೆಸುವ ಮೈಗೂ ಊಟ ಬೇಕು.

ಮಾತಾಡೋಣ

1. ನಿನ್ನೆ ನಮ್ಮ ತಟ್ಟೆಯಲ್ಲಿ ಸೊಪ್ಪು ಎಷ್ಟಿತ್ತು?
2. ನಮ್ಮೂರಲ್ಲಿ ದುಡ್ಡಿಲ್ಲದೆ ಸಿಗುವ ಸೊಪ್ಪು, ಹಣ್ಣು ಯಾವುವು? ಹೆಸರು ಬರೆಯೋಣ.