ಸೈರನ್ ಕೇಳಿಸಿದಾಗ ಎತ್ತ ಸರಿಯಬೇಕು?

ಆಂಬುಲೆನ್ಸಿಗೆ ದಾರಿ ಬಿಡಬೇಕೆಂಬುದನ್ನು ಅರಿಯದ ಚಾಲಕರು ಕರ್ನಾಟಕದ ರಸ್ತೆಗಳಲ್ಲಿ ಇಲ್ಲವೆಂದೇ ಹೇಳಬಹುದು. ಆದರೆ ಆ ದಾರಿಯನ್ನು ಹೇಗೆ ಬಿಡಬೇಕು, ಯಾವ ಬದಿಗೆ ಸರಿಯಬೇಕು, ಎಲ್ಲಿ ನಿಲ್ಲಬಾರದು ಎಂಬ ವಿಷಯದಲ್ಲಿ ಇಬ್ಬರು ಚಾಲಕರ ನಡುವೆಯೂ ಒಮ್ಮತ ಕಾಣುವುದು ಕಷ್ಟ. ಹಿಂದಿನಿಂದ ಸೈರನ್ ಕೇಳಿಸಿದೊಡನೆ ಒಂದು ಕಾರು ಎಡಕ್ಕೆ ಹೊರಳುತ್ತದೆ, ಅದರ ಪಕ್ಕದ ವ್ಯಾನು ಬಲಕ್ಕೆ ಸರಿಯುತ್ತದೆ, ಮುಂದಿನ ಬಸ್ಸು ನಿಂತಲ್ಲೇ ನಿಲ್ಲುತ್ತದೆ, ಇವುಗಳ ನಡುವೆ ತೆರೆದ ಸಂದಿಗೆ ಆಟೊವೊಂದು ನುಗ್ಗುತ್ತದೆ; ಎಲ್ಲರೂ ಏನೋ ಒಂದು ಮಾಡಿದ್ದಾರೆ, ಆದರೆ ಹಾದಿ ಮಾತ್ರ ತೆರೆದಿಲ್ಲ. ತುರ್ತು ವಾಹನದ ಚಾಲಕನಿಗೆ ಬೇಕಿರುವುದು ಇತರರ ಗಾಬರಿಯಲ್ಲ, ಮುಂದಿರುವ ವಾಹನ ಮರುಕ್ಷಣ ಎತ್ತ ಹೋಗಲಿದೆ ಎಂಬ ಖಾತ್ರಿ.

ಈ ಕುರಿತ ಕಾನೂನು ಹೊಸದೇನಲ್ಲ. 1989ರ ರಸ್ತೆ ವಿನಿಯಮಗಳಲ್ಲೇ ಅಗ್ನಿಶಾಮಕ ವಾಹನ ಅಥವಾ ಆಂಬುಲೆನ್ಸ್ ಸಮೀಪಿಸಿದಾಗ ಪ್ರತಿಯೊಬ್ಬ ಚಾಲಕನೂ ರಸ್ತೆಯ ಬದಿಗೆ ಸರಿದು ಅದಕ್ಕೆ ಅಡೆತಡೆಯಿಲ್ಲದ ದಾರಿ ಮಾಡಿಕೊಡಬೇಕೆಂಬ ಮಾತಿತ್ತು. ಅವುಗಳ ಸ್ಥಾನದಲ್ಲಿ ಬಂದ 2017ರ ಚಾಲನಾ ವಿನಿಯಮಗಳು ತುರ್ತು ವಾಹನಗಳ ಆದ್ಯತೆಯನ್ನು ಇನ್ನಷ್ಟು ವಿವರವಾಗಿ ಹೇಳಿದವು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಇ ಸೆಕ್ಷನ್ ಪ್ರಕಾರ ಹೀಗೆ ದಾರಿ ಬಿಡದವರಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಬಹುದು. ಆದರೂ ಈ ಸೆಕ್ಷನ್ ‘ರಸ್ತೆಯ ಬದಿಗೆ’ ಎನ್ನುತ್ತದೆಯೇ ಹೊರತು ಯಾವ ಬದಿಗೆ ಎಂಬುದನ್ನು ಬಿಡಿಸಿ ಹೇಳುವುದಿಲ್ಲ. ಎಡಬದಿಯ ಸಂಚಾರವುಳ್ಳ ದೇಶದಲ್ಲಿ ಬದಿಯೆಂದರೆ ಎಡಬದಿಯೇ ಎಂದು ಊಹಿಸಿಕೊಳ್ಳಬಹುದಾದರೂ, ಸಾಲುಗಟ್ಟಿ ನಿಂತ ಮೂರು ಪಥಗಳ ರಸ್ತೆಯಲ್ಲಿ ಊಹೆಯನ್ನು ನಂಬಿ ಎಲ್ಲರೂ ಒಂದೇ ರೀತಿ ನಡೆದುಕೊಳ್ಳುತ್ತಾರೆಂದು ನಿರೀಕ್ಷಿಸುವುದು ಅತಿಯಾದ ಆಶಾವಾದ.

ಗೊಂದಲಕ್ಕೆ ಶಬ್ದದ ಸ್ವಭಾವವೂ ಒಂದು ಕಾರಣ. ಒಂದು ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದನ್ನು ಮನುಷ್ಯ ತಿಳಿಯುವುದು ಎರಡು ಕಿವಿಗಳನ್ನು ಅದು ತಲುಪುವ ಕಾಲದಲ್ಲಿಯೂ ಅದರ ಜೋರಿನಲ್ಲಿಯೂ ಇರುವ ಅತ್ಯಲ್ಪ ವ್ಯತ್ಯಾಸದಿಂದ. ಕಿಟಕಿ ಗಾಜು ಏರಿಸಿ, ಎ.ಸಿ. ಮತ್ತು ಹಾಡು ಹಾಕಿಕೊಂಡ ಕಾರಿನೊಳಗೆ ಈ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗುತ್ತದೆ; ಎರಡೂ ಬದಿ ಎತ್ತರದ ಕಟ್ಟಡಗಳಿರುವ ಬೀದಿಯಲ್ಲಿ ಗೋಡೆಗೆ ಬಡಿದು ಮರಳಿದ ಸದ್ದು ಮುಂದಿನಿಂದಲೇ ಬಂದಂತೆ ಭಾಸವಾಗುತ್ತದೆ; ಹೆಲ್ಮೆಟ್ಟಿನೊಳಗಿನ ಕಿವಿಯ ಪಾಡು ಇದಕ್ಕಿಂತ ಉತ್ತಮವೇನಲ್ಲ. ಹತ್ತಿರ ಬರುವ ಸದ್ದಿನ ಸ್ಥಾಯಿ ಏರಿ, ದೂರ ಸರಿಯುವ ಸದ್ದಿನ ಸ್ಥಾಯಿ ಇಳಿದು ಕೇಳಿಸುವ ಡಾಪ್ಲರ್ ಪರಿಣಾಮವನ್ನು ಶಾಲೆಯ ಪಾಠದಲ್ಲಿ ಸೈರನ್ ಉದಾಹರಣೆಯಿಂದಲೇ ವಿವರಿಸುತ್ತಾರಾದರೂ, ತಾನಾಗಿಯೇ ಏರಿಳಿಯುವ ಇಂದಿನ ಸೈರನ್ನುಗಳಲ್ಲಿ ಅದನ್ನು ಗುರುತಿಸುವುದು ಸುಲಭವಲ್ಲ. ಆದ್ದರಿಂದ ಸೈರನ್ ಕೇಳಿಸಿದಾಗ ಚಾಲಕ ಮೊದಲು ಮಾಡಬೇಕಾದ ಕೆಲಸ ಸ್ಟೀರಿಂಗ್ ತಿರುಗಿಸುವುದಲ್ಲ, ಮೂರೂ ಕನ್ನಡಿಗಳನ್ನು ನೋಡುವುದು. ಆಂಬುಲೆನ್ಸಿನ ಮುಂಭಾಗದ ಅಕ್ಷರಗಳನ್ನು ಎಡಬಲ ತಿರುವುಮುರುವಾಗಿ ಬರೆದಿರುವುದು ಇದೇ ಕಾರಣಕ್ಕೆ. ಎದುರಿಗೆ ನಿಂತವನಿಗೆ ವಿಚಿತ್ರವಾಗಿ ಕಾಣುವ ಆ ಬರಹ ಮುಂದಿನ ವಾಹನದ ಕನ್ನಡಿಯಲ್ಲಿ ನೇರವಾಗಿ ಓದಿಸಿಕೊಳ್ಳುತ್ತದೆ.

ವಾಹನ ಹಿಂದಿನಿಂದಲೇ ಬರುತ್ತಿದೆಯೆಂದು ಖಚಿತವಾದ ಮೇಲೆ ಎಡ ಇಂಡಿಕೇಟರ್ ಹಾಕಿ, ವೇಗವನ್ನು ಕ್ರಮೇಣ ತಗ್ಗಿಸುತ್ತ ಎಡಕ್ಕೆ ಸರಿಯುವುದು ಸರಿಯಾದ ಕ್ರಮ. ಇಲ್ಲಿ ಇಂಡಿಕೇಟರ್ ಶಿಷ್ಟಾಚಾರದ ಸಂಗತಿಯಲ್ಲ. ‘ಕಂಡಿದ್ದೇನೆ, ಈ ಬದಿಗೆ ಹೋಗುತ್ತಿದ್ದೇನೆ’ ಎಂದು ಹಿಂದಿನವನಿಗೆ ತಿಳಿಸಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಥಟ್ಟನೆ ಬ್ರೇಕ್ ಒತ್ತಿದರೆ ಆಂಬುಲೆನ್ಸೂ ಬ್ರೇಕ್ ಒತ್ತಬೇಕಾಗುತ್ತದೆ, ಒಳಗೆ ಸ್ಟ್ರೆಚರಿನ ಪಕ್ಕ ನಿಂತು ರೋಗಿಯ ಎದೆಯೊತ್ತುತ್ತಿರುವ ಸಿಬ್ಬಂದಿ ಮುಗ್ಗರಿಸುತ್ತಾರೆ. ಬೆಂಗಳೂರಿನಂಥ ನಗರದಲ್ಲಿ ರಸ್ತೆಯ ಎಡಬದಿಯನ್ನು ನಿಲ್ಲಿಸಿದ ವಾಹನಗಳೂ ಬಸ್ ನಿಲ್ದಾಣಗಳೂ ಆಕ್ರಮಿಸಿರುವುದರಿಂದ ತುರ್ತು ವಾಹನಗಳು ಸಾಮಾನ್ಯವಾಗಿ ಮೀಡಿಯನ್ ಪಕ್ಕದ ಬಲಪಥವನ್ನೇ ಹಿಡಿಯುತ್ತವೆ. ಬಲಪಥದವರು ಎಡಕ್ಕೆ ಬರಬೇಕಾದರೆ ಮೊದಲು ಎಡಪಥದವರು ಜಾಗ ಕೊಡಬೇಕು. ಸೈರನ್ ತನಗೆ ಸಂಬಂಧಿಸಿದ್ದಲ್ಲವೆಂದು ಎಡಪಥದಲ್ಲಿ ಮುಂದಿನ ವಾಹನಕ್ಕೆ ಅಂಟಿಕೊಂಡೇ ಸಾಗುವ ಚಾಲಕ, ಯಾರ ಕಣ್ಣಿಗೂ ಬೀಳದೆ, ಯಾವ ದಂಡಕ್ಕೂ ಸಿಗದೆ ದಾರಿ ತಡೆಯುತ್ತಿರುತ್ತಾನೆ.

ಜರ್ಮನಿ ಈ ಸಮಸ್ಯೆಯನ್ನು ಬಿಡಿಸಿಕೊಂಡ ಬಗೆ ಗಮನಾರ್ಹ. ಅಲ್ಲಿಯ ಹೆದ್ದಾರಿಗಳಲ್ಲಿ ಸಂಚಾರ ನಡಿಗೆಯ ವೇಗಕ್ಕೆ ಇಳಿದ ಕೂಡಲೇ, ಸೈರನ್ ಕೇಳಿಸಲಿ ಬಿಡಲಿ, ತೀರಾ ಎಡಗಡೆಯ ಪಥದವರು ಇನ್ನಷ್ಟು ಎಡಕ್ಕೂ ಉಳಿದೆಲ್ಲ ಪಥದವರು ಬಲಕ್ಕೂ ಒತ್ತಿಕೊಂಡು ನಡುವೆ ಒಂದು ಓಣಿಯನ್ನು ಬಿಡಬೇಕು. ‘ರೆಟ್ಟುಂಗ್ಸ್‌ಗಾಸ್ಸೆ’, ಅಂದರೆ ರಕ್ಷಣಾ ಓಣಿ, ಎಂದು ಕರೆಯಲಾಗುವ ಇದನ್ನು ನಿರ್ಮಿಸದವರಿಗೆ 2017ರಿಂದ ಕನಿಷ್ಠ 200 ಯೂರೊ ದಂಡವಿದೆ. ಆಸ್ಟ್ರಿಯವೂ 2012ರಲ್ಲಿ ಇಂಥದೇ ನಿಯಮವನ್ನು ಜಾರಿಗೆ ತಂದಿತು. ದಂಡದ ಮೊತ್ತಕ್ಕಿಂತ ಮುಖ್ಯವಾದದ್ದು ನಿಯಮದ ಒಳಗಿರುವ ಮುಂದಾಲೋಚನೆ: ವಾಹನಗಳು ಒಂದಕ್ಕೊಂದು ತಾಗಿಕೊಂಡು ನಿಂತ ಮೇಲೆ ಸೈರನ್ ಕೇಳಿಸಿದರೆ ಸರಿಯಲು ಜಾಗವೇ ಇರುವುದಿಲ್ಲವಾದ್ದರಿಂದ, ಜಾಗವನ್ನು ನಿಲ್ಲುವ ಮೊದಲೇ ಉಳಿಸಿಕೊಳ್ಳಬೇಕು. ಪಥಶಿಸ್ತೇ ದುರ್ಬಲವಾಗಿರುವ ಭಾರತದ ನಗರಗಳಿಗೆ ಈ ಓಣಿಯನ್ನು ಹಾಗೆಯೇ ತರುವುದು ಸಾಧ್ಯವಾಗದಿರಬಹುದು. ಆದರೆ ಸಿಗ್ನಲ್ಲಿನಲ್ಲಿ ಮುಂದಿನ ವಾಹನದ ಹಿಂಚಕ್ರ ಕಾಣುವಷ್ಟು ಅಂತರ ಬಿಟ್ಟು ನಿಲ್ಲುವ ಅಭ್ಯಾಸಕ್ಕೆ ಯಾವ ಕಾನೂನೂ ಬೇಕಿಲ್ಲ.

ಸಿಗ್ನಲ್ಲಿನ ಮೊದಲ ಸಾಲಿನಲ್ಲಿ ನಿಂತವನ ಸಂದಿಗ್ಧವೇ ಬೇರೆ. ಕೆಂಪು ದೀಪ ದಾಟುವ ವಿನಾಯಿತಿ ಇರುವುದು ತುರ್ತು ವಾಹನಕ್ಕೆ, ಅದರ ಮುಂದಿರುವವನಿಗಲ್ಲ; ಬ್ರಿಟನ್ನಿನಲ್ಲಿ ಆಂಬುಲೆನ್ಸಿಗಾಗಿಯೇ ಕೆಂಪು ದೀಪ ದಾಟಿದರೂ ಅದು ತಪ್ಪೆಂದೇ ಪರಿಗಣಿತವಾಗುತ್ತದೆ. ಕ್ಯಾಮೆರಾಗಳೇ ದಂಡದ ನೋಟಿಸ್ ಕಳಿಸುವ ಬೆಂಗಳೂರಿನಲ್ಲಿ ಈ ಭಯ ಸಹಜ. ಪೊಲೀಸರು ಕೈಸನ್ನೆಯಿಂದ ಮುಂದೆ ಕಳಿಸಿದರೆ ಹಿಂಜರಿಯಬೇಕಿಲ್ಲ. ಯಾರೂ ಇಲ್ಲದಿದ್ದಾಗ ಅಡ್ಡರಸ್ತೆಯ ವಾಹನಗಳು ನಿಂತಿರುವುದನ್ನು ಖಚಿತಪಡಿಸಿಕೊಂಡು ಸ್ಟಾಪ್ ಲೈನಿನಿಂದ ಎಡಕ್ಕೆ ಓರೆಯಾಗಿ ಒಂದು ವಾಹನದಷ್ಟು ಸರಿದರೆ ಸಾಕು, ಅಡ್ಡಸಂಚಾರದೊಳಗೆ ನುಗ್ಗಬೇಕಿಲ್ಲ. ಹಸಿರು ದೀಪ ಪಡೆದ ಅಡ್ಡರಸ್ತೆಯವರ ಹೊಣೆ ಇದಕ್ಕಿಂತ ದೊಡ್ಡದು, ಏಕೆಂದರೆ ಕೂಡುರಸ್ತೆಯಲ್ಲಿ ಆಂಬುಲೆನ್ಸಿಗೆ ಢಿಕ್ಕಿಯಾಗುವ ಅಪಾಯವಿರುವುದು ಅವರಿಂದಲೇ.

ಘಾಟಿಗಳಲ್ಲಿ ಈ ಪಾಠವೆಲ್ಲ ಬದಲಾಗುತ್ತದೆ. ಶಿರಾಡಿಯಲ್ಲಾಗಲಿ ಚಾರ್ಮಾಡಿಯಲ್ಲಾಗಲಿ ಹಿಂದೆ ಸೈರನ್ ಕೇಳಿಸಿತೆಂದು ತಿರುವಿನಲ್ಲೇ ಲಾರಿ ನಿಲ್ಲಿಸಿದರೆ, ಆಂಬುಲೆನ್ಸಿನ ಚಾಲಕ ಎದುರಿನಿಂದ ಏನು ಬರುತ್ತಿದೆಯೆಂದು ಕಾಣದೆ ಹಿಂದೆ ಹಿಂದೆಯೇ ಉಳಿಯಬೇಕಾಗುತ್ತದೆ, ಇಲ್ಲವೇ ಪ್ರಾಣವನ್ನು ಪಣಕ್ಕಿಟ್ಟು ಹೊರಬರಬೇಕಾಗುತ್ತದೆ. ಅಂಥಲ್ಲಿ ಅದೇ ವೇಗದಲ್ಲಿ ಮುಂದುವರಿದು, ರಸ್ತೆ ಅಗಲವಾದ ಮತ್ತು ಎದುರು ನೋಟ ತೆರೆದ ಜಾಗದಲ್ಲಿ ಎಡಕ್ಕೆ ನಿಲ್ಲುವುದೇ ನಿಜವಾಗಿ ದಾರಿ ಬಿಟ್ಟಂತೆ. ಕಿರಿದಾದ ಸೇತುವೆಗೂ ಇದೇ ಮಾತು ಅನ್ವಯಿಸುತ್ತದೆ.

ಇದೇ ಘಾಟಿಗಳ ಮೂಲಕವೇ ಕರಾವಳಿಯ ರೋಗಿಗಳನ್ನು ಬೆಂಗಳೂರಿಗೆ ಸಾಗಿಸುವ ‘ಝೀರೋ ಟ್ರಾಫಿಕ್’ ಪ್ರಯಾಣಗಳು ಸುದ್ದಿಯಾಗುತ್ತವೆ. ಪೊಲೀಸರು ದಾರಿಯುದ್ದಕ್ಕೂ ಕೂಡುರಸ್ತೆಗಳನ್ನು ತಡೆದು ಒಂದೇ ವಾಹನಕ್ಕೆ ರಸ್ತೆಯನ್ನು ತೆರವು ಮಾಡಿಕೊಡುವ ಈ ಏರ್ಪಾಡಿನಲ್ಲಿ, 2020ರ ಫೆಬ್ರವರಿಯಲ್ಲಿ 40 ದಿನದ ಮಗುವೊಂದನ್ನು ಮಂಗಳೂರಿನಿಂದ ಬೆಂಗಳೂರಿಗೆ ನಾಲ್ಕೂವರೆ ಗಂಟೆಯೊಳಗೆ ತಲುಪಿಸಲಾಯಿತು. ಊರೂರಿನ ಜನ ರಸ್ತೆಗಿಳಿದು ಸಹಕರಿಸಿದ್ದು ನಿಜ, ಅದು ಮೆಚ್ಚತಕ್ಕದ್ದೂ ಹೌದು. ಆದರೆ ಝೀರೋ ಟ್ರಾಫಿಕ್ ಎಂಬುದು ಚಾಲಕರು ದಾರಿ ಬಿಡುವ ಸಂದರ್ಭವನ್ನೇ ಇಲ್ಲವಾಗಿಸುವ ವ್ಯವಸ್ಥೆ. 2008ರ ನವೆಂಬರ್ 1ರಂದು ಆರಂಭವಾದ 108 ಸೇವೆಯ ಆಂಬುಲೆನ್ಸು ಸೋಮವಾರ ಬೆಳಿಗ್ಗೆ ಮಾರುಕಟ್ಟೆ ಬೀದಿಯಲ್ಲಿ ಸಿಕ್ಕಿಕೊಂಡಾಗ ಯಾರೂ ಕೂಡುರಸ್ತೆ ತಡೆದು ನಿಂತಿರುವುದಿಲ್ಲ. ಹೃದಯ ಬಡಿತ ನಿಂತವನಿಗೆ ಎದೆಯೊತ್ತುವ ಚಿಕಿತ್ಸೆ ಸಿಗದ ಪ್ರತಿ ನಿಮಿಷವೂ ಬದುಕುವ ಸಂಭವವನ್ನು ಶೇ 7ರಿಂದ 10ರಷ್ಟು ತಗ್ಗಿಸುತ್ತದೆಯೆಂಬ ವೈದ್ಯಕೀಯ ಲೆಕ್ಕ ಅನ್ವಯಿಸುವುದು ಇಂಥ, ಸುದ್ದಿಯಾಗದ ಪ್ರಯಾಣಗಳಿಗೇ.

ಒಳಗೆ ರೋಗಿಯಿಲ್ಲದೆಯೂ ಸೈರನ್ ಹಾಕಿಕೊಂಡು ಓಡುತ್ತಾರೆಂಬ ದೂರು ಆಗಾಗ ಕೇಳಿಬರುತ್ತದೆ, ಅದು ಪೂರ್ತಿ ಆಧಾರರಹಿತವೂ ಅಲ್ಲ. ದುರುಪಯೋಗವನ್ನು ವಿಚಾರಿಸಬೇಕಾದವರು ಪೊಲೀಸರು ಮತ್ತು ಸಾರಿಗೆ ಇಲಾಖೆ. ರಸ್ತೆಯ ಮೇಲಿನ ಇತರ ಚಾಲಕನಿಗೆ ಆ ವಿಚಾರಣೆಗೆ ಅಧಿಕಾರವೂ ಇಲ್ಲ, ಆಧಾರವೂ ಇಲ್ಲ. ಖಾಲಿಯಾಗಿ ಕಾಣುವ ಆಂಬುಲೆನ್ಸು ರೋಗಿಯನ್ನು ಕರೆತರಲು ಹೊರಟಿರಬಹುದು, ಮತ್ತು ಯಾವ ಚಿಕಿತ್ಸೆಯೂ ಇನ್ನೂ ಸಿಗದ ಆ ರೋಗಿಯ ಪಾಲಿಗೆ ಈ ಹೋಗುವ ಪ್ರಯಾಣವೇ ಹೆಚ್ಚು ತುರ್ತಿನದು.

ವಾಹನ ಹಾದುಹೋದ ಮೇಲೂ ಕೆಲಸ ಉಳಿದಿರುತ್ತದೆ. ಅಗ್ನಿಶಾಮಕ ವಾಹನಗಳು ಒಂದರ ಹಿಂದೊಂದು ಬರುವುದು ವಾಡಿಕೆಯಾದ್ದರಿಂದ ಮರಳಿ ಪಥಕ್ಕೆ ಬರುವ ಮುನ್ನ ಕನ್ನಡಿಯನ್ನು ಇನ್ನೊಮ್ಮೆ ನೋಡಬೇಕು. ಆಂಬುಲೆನ್ಸ್ ತೆರೆದುಕೊಟ್ಟ ದಾರಿಯಲ್ಲೇ ಅದರ ಬಾಲ ಹಿಡಿದು ಓಡುವ ಬೈಕು ಸವಾರರೂ ಕಾರುಗಳೂ ಪ್ರತಿ ನಗರದಲ್ಲಿ ಕಾಣಸಿಗುತ್ತಾರೆ. ಅದಕ್ಕೆ ದಾರಿ ಬಿಟ್ಟವರು ತಮ್ಮ ಪಥಕ್ಕೆ ಹಿಂದಿರುಗುತ್ತಿರುವ ಕ್ಷಣದಲ್ಲೇ ಇವರು ನಡುವೆ ತೂರಿ ಬರುವುದರಿಂದ, ಆಂಬುಲೆನ್ಸಿನ ಬೆನ್ನಿಗೇ ಇನ್ನೊಂದು ಆಂಬುಲೆನ್ಸನ್ನು ಕರೆಸಬೇಕಾದ ಸಂದರ್ಭ ಒದಗಿದರೆ ಆಶ್ಚರ್ಯವಿಲ್ಲ.