ಹಳೆಯ ಗಾಯದ ಮೇಲೆ ನೆಲೆಯೂರಿದ ಮಾಸು

1882ರಲ್ಲಿ ಲೈಪ್‌ಝಿಗ್ ನಗರದ ಮ್ಯಾಕ್ಸ್ ಸೇಂಗರ್ ಎಂಬ ವೈದ್ಯನು, ಶಿಶುವನ್ನು ಹೊರತೆಗೆದ ಬಳಿಕ ಗರ್ಭಾಶಯದ ಗೋಡೆಯನ್ನು ಎಚ್ಚರಿಕೆಯಿಂದ ಹೊಲಿದು ಮುಚ್ಚಬೇಕೆಂದು ಪ್ರತಿಪಾದಿಸುವವರೆಗೆ, ಉದರವನ್ನು ಛೇದಿಸಿ ಮಾಡಿಸಿದ ಹೆರಿಗೆಯ ತರುವಾಯ ಬದುಕುಳಿದ ತಾಯಂದಿರು ವಿರಳವಾಗಿದ್ದರು. ಆ ಹೊಲಿಗೆಯಿಂದ ತಾಯಿಯೂ ಉಳಿದಳು, ಮತ್ತೊಮ್ಮೆ ಗರ್ಭ ಧರಿಸುವ ಯೋಗವೂ ಅವಳಿಗೆ ಉಳಿಯಿತು. ಅದರೊಡನೆ ಗೋಡೆಯಲ್ಲೊಂದು ಗಾಯದ ಗುರುತೂ ಉಳಿಯಿತು. ಮುಂದಿನ ಬಸಿರಿನ ಮಾಸು ಆ ಗುರುತಿನ ಮೇಲೆಯೇ ನೆಲೆಯೂರಿದರೆ ಒದಗುವ ಆಪತ್ತು, ಸಿಸೇರಿಯನ್ ಹೆರಿಗೆಗಳು ಹೆಚ್ಚಿದ ನಮ್ಮ ಕಾಲದಲ್ಲಿ ಮಾತ್ರ ಸ್ಪಷ್ಟವಾಗಿ ಗೋಚರಿಸತೊಡಗಿತು.

ಸಹಜ ಗರ್ಭದಲ್ಲಿ ಮಾಸಿನ ಜೀವಕೋಶಗಳು ಗರ್ಭಾಶಯದ ಮೃದುವಾದ ಒಳಪದರದಲ್ಲಿ, ಹದವಾದ ಮಣ್ಣಿನಲ್ಲಿ ಸಸಿಯ ಬೇರಿಳಿಯುವಂತೆ, ಮಿತವಾಗಿ ಇಳಿಯುತ್ತವೆ. ಶಿಶುವಿನ ಜನನಾನಂತರ ಈ ಪದರದಲ್ಲಿಯೇ ಮಾಸು ಬಿಡಿಸಿಕೊಂಡು ಹೊರಬೀಳುತ್ತದೆ. ಸ್ನಾಯುಗಳು ಬಿಗಿದುಕೊಂಡು, ತೆರೆದ ರಕ್ತನಾಳಗಳನ್ನು ಅದುಮಿ ಮುಚ್ಚುತ್ತವೆ. ಗಾಯ ಮಾಯ್ದ ಸ್ಥಳದಲ್ಲಿಯಾದರೋ ಆ ಪದರ ಕ್ಷೀಣವಾಗಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಆಗ ಮಾಸು ನೇರವಾಗಿ ಸ್ನಾಯುವಿಗೆ ಅಂಟಿಕೊಳ್ಳುತ್ತದೆ, ಕೆಲವೊಮ್ಮೆ ಅದರೊಳಕ್ಕೆ ಇಳಿಯುತ್ತದೆ, ತೀವ್ರವಾದಾಗ ಪಕ್ಕದ ಮೂತ್ರಕೋಶದವರೆಗೂ ವ್ಯಾಪಿಸುತ್ತದೆ. ಮಾಸಿನ ಕೋಶಗಳೇ ಅತಿಯಾಗಿ ಆಕ್ರಮಿಸುತ್ತವೆಂದು ಹಿಂದೆ ಭಾವಿಸಿದ್ದರು. ದೋಷದ ಮೂಲವು ಬಹುಮಟ್ಟಿಗೆ ಗಾಯಗೊಂಡ ನೆಲೆಯಲ್ಲಿಯೇ ಇದೆಯೆಂಬುದು ಇತ್ತೀಚಿನ ತಜ್ಞರ ಅಭಿಮತ.

ಮಾಸು ಕೆಳಭಾಗದಲ್ಲಿ ನೆಲೆಯೂರಿ ಗರ್ಭಾಶಯದ ಬಾಯಿಗೆ ಅಡ್ಡವಾಗಿ ಕುಳಿತಿದ್ದರೆ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಅಮೆರಿಕೆಯಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿದ ಸಿಸೇರಿಯನ್‌ಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಅಡ್ಡ ಕುಳಿತ ಮಾಸು ಗೋಡೆಗೆ ಕಚ್ಚಿಕೊಂಡದ್ದು, ಹಿಂದೆ ಒಂದು ಸಿಸೇರಿಯನ್ ಆದವರಲ್ಲಿ ಶೇಕಡ 11, ಎರಡಾದವರಲ್ಲಿ 40, ಮೂರಾದವರಲ್ಲಿ 61 ಮಂದಿಗೆ. ಮಾಸು ಅಡ್ಡವಿಲ್ಲದಿದ್ದರೆ, ಮೂರು ಸಿಸೇರಿಯನ್ ಆಗಿದ್ದವರಲ್ಲಿಯೂ ಈ ಪ್ರಮಾಣ ಶೇಕಡ ಒಂದನ್ನು ಮುಟ್ಟಲಿಲ್ಲ. ಆದುದರಿಂದ ಅಗತ್ಯವಾದ ಶಸ್ತ್ರಕ್ರಿಯೆಗೆ ಯಾವ ತಾಯಿಯೂ ಅಂಜಬೇಕಿಲ್ಲ. ಅನಗತ್ಯವಾದುದು ಮಾತ್ರ ಮುಂದಿನ ಬಸಿರಿಗೆ ಹೊರಿಸುವ ಋಣವೆಂದು ನಾನು ತಿಳಿಯುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಸಿಸೇರಿಯನ್ ಆಗಿರುವಾಗ, ಇದು ದೂರದ ದೇಶದ ಸಮಸ್ಯೆಯೆನ್ನುವಂತಿಲ್ಲ.

ಮಾಸು ಹೀಗೆ ಕಚ್ಚಿಕೊಂಡಿದ್ದರೆ, ನುರಿತ ಕಣ್ಣಿಗೆ ಸ್ಕ್ಯಾನಿಂಗಿನಲ್ಲಿ ಕೆಲವು ಸೂಚನೆಗಳು ಕಾಣಸಿಗುತ್ತವೆ: ಮಾಸು ಮತ್ತು ಸ್ನಾಯುವಿನ ನಡುವಣ ಕಪ್ಪುಗೆರೆ ಅಳಿಸಿಹೋಗಿರುತ್ತದೆ, ಮಾಸಿನೊಳಗೆ ರಕ್ತ ತುಂಬಿದ ಅಂಕುಡೊಂಕು ಕುಳಿಗಳು ತೋರುತ್ತವೆ. ಐದನೆಯ ತಿಂಗಳ ಸ್ಕ್ಯಾನಿಂಗಿನಲ್ಲಿ ಕೆಳಗಿದ್ದ ಮಾಸು, ಗರ್ಭಾಶಯ ಬೆಳೆದಂತೆ, ಬಹುತೇಕ ಬಸಿರುಗಳಲ್ಲಿ ಬಾಯಿಯಿಂದ ದೂರ ಸರಿಯುತ್ತದೆ. ಆದರೂ ಹಿಂದೆ ಸಿಸೇರಿಯನ್ ಆಗಿದ್ದವಳಲ್ಲಿ ಅದು ಹಳೆಯ ಗಾಯದ ಮೇಲಿದೆಯೇ ಎಂದು ನಿರ್ದಿಷ್ಟವಾಗಿ ನೋಡಬೇಕು, ಎಂಟನೆಯ ತಿಂಗಳಲ್ಲಿ ಮರಳಿ ನೋಡಬೇಕು. ನೋವಿಲ್ಲದೆ ರಕ್ತ ಕಂಡರಂತೂ ಒಂದು ಗಳಿಗೆಯೂ ಕಾಯಬಾರದು.

ತಿಂಗಳು ತುಂಬಿದ ಗರ್ಭಾಶಯದ ಮೂಲಕ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಗಿಲಾಗಿ ರಕ್ತ ಹರಿಯುತ್ತಿರುವುದರಿಂದ, ಕಚ್ಚಿಕೊಂಡ ಮಾಸನ್ನು ಬಲವಂತವಾಗಿ ಕೀಳಹೊರಟರೆ ಕೆಲವೇ ನಿಮಿಷಗಳಲ್ಲಿ ತಾಯಿಯ ಪ್ರಾಣಕ್ಕೆ ಸಂಚಕಾರ ಬಂದೀತು. ಆದಕಾರಣ, ಮೊದಲೇ ತಿಳಿದಿದ್ದಲ್ಲಿ, 34ರಿಂದ 36 ವಾರಗಳ ನಡುವೆ ದಿನ ಗೊತ್ತುಮಾಡಿ, ಹೊಂದುವ ರಕ್ತವನ್ನು ಸಿದ್ಧವಾಗಿರಿಸಿಕೊಂಡು, ಮಾಸನ್ನು ಮುಟ್ಟದೆ ಶಿಶುವನ್ನು ಹೊರತೆಗೆದು, ಹಲವು ವೇಳೆ ಮಾಸಿನ ಸಮೇತ ಗರ್ಭಾಶಯವನ್ನೇ ತೆಗೆಯುತ್ತಾರೆ. ರಕ್ತನಿಧಿಯೂ ಅರಿವಳಿಕೆ ತಜ್ಞರೂ ನುರಿತ ಶಸ್ತ್ರವೈದ್ಯರೂ ಒಂದೆಡೆ ದೊರೆಯುವ ಆಸ್ಪತ್ರೆಯಲ್ಲಿ ಮಾತ್ರ ಇದು ಸಾಧ್ಯ; ಹಳ್ಳಿಯ ಗರ್ಭಿಣಿಯು ಆ ವಾರಗಳು ಬರುವ ಮುನ್ನವೇ ಅಂತಹ ಊರನ್ನು ಸೇರಿಕೊಂಡಿರಬೇಕು.